ಕೊಲೊನಿಯಾಕ್ಕೆ ಐನೂರು ಜಂಪ್: ದಾರಿ ಕಡಿಮೆ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ವಿಡಿಯೋ ಆಟದಲ್ಲಿ ನನ್ನ ಹಡಗು ಒಂದು ಜಂಪಿಗೆ (ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆತ) ಸುಮಾರು 40 ಜ್ಯೋತಿರ್ವರ್ಷ ಸಾಗುತ್ತದೆ. ಗ್ಯಾಲಕ್ಸಿಯ ಕೇಂದ್ರದ ಕಡೆಯ ದೂರದ ವಸತಿ ಪ್ರದೇಶವಾದ ಕೊಲೊನಿಯಾಕ್ಕೆ ಹೋಗೋಣವೆಂದರೆ ಐನೂರಕ್ಕೂ ಹೆಚ್ಚು ಜಂಪ್ ಬೇಕು. ನನಗೆ ಆಡಲು ಸಿಗುವುದು ರಾತ್ರಿ ಎರಡು ಗಂಟೆ ಮಾತ್ರ. ಬೇರೆ ಆಟಗಳಂತೆ ಮ್ಯಾಪ್ ಮೇಲೆ ಒತ್ತಿದೊಡನೆ ತಲುಪಿಬಿಡುವ ಸೌಲಭ್ಯ ಇದರಲ್ಲಿ ಇಲ್ಲವೇ?

ಉತ್ತರ: ಇಲ್ಲ. 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಆಟ ನಮ್ಮ ಕ್ಷೀರಪಥವನ್ನು ಅದರ ನಿಜವಾದ ಅಳತೆಯಲ್ಲಿ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳೊಂದಿಗೆ ಮುಂದಿಡುತ್ತದೆ. ಆ ದೂರವನ್ನು ಆಟಗಾರನೇ ಕ್ರಮಿಸಬೇಕೆಂಬುದು ಅದರ ಮೂಲ ನಿಯಮ. ಆದರೆ ನಿಮ್ಮ ಐನೂರು ಜಂಪುಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಲು ಸಾಧ್ಯವಿದೆ.

ಮೊದಲು ಸಮಯ ಎಲ್ಲಿ ಕಳೆಯುತ್ತದೆ ಎಂಬುದನ್ನು ನೋಡೋಣ. ಡ್ರೈವ್ (ಹಡಗನ್ನು ಜಂಪ್ ಮಾಡಿಸುವ ಎಂಜಿನ್) ಚಾರ್ಜ್ ಆಗುವುದು, ಹೈಪರ್‌ಸ್ಪೇಸ್ ದಾಟುವುದು, ಎದುರಾದ ನಕ್ಷತ್ರವನ್ನು ಸುತ್ತಿ ಬಂದು ಮುಂದಿನ ಗುರಿಗೆ ತಿರುಗುವುದು, ಇಷ್ಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಜಂಪ್ 10 ಜ್ಯೋತಿರ್ವರ್ಷದ್ದಾದರೂ 100 ಜ್ಯೋತಿರ್ವರ್ಷದ್ದಾದರೂ ಆ ನಿಮಿಷ ಬದಲಾಗುವುದಿಲ್ಲ. ಕೊಲೊನಿಯಾ ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ನಿಮ್ಮ ಈಗಿನ ಹಡಗಿನಲ್ಲಿ ಅದು ಒಂಬತ್ತು ಗಂಟೆಗೂ ಮೀರಿದ ಪ್ರಯಾಣ. ಹೀಗಾಗಿ ವೇಗವಾಗಿ ಹೋಗುವುದು ಎಂದರೆ ಈ ಆಟದಲ್ಲಿ ಕಡಿಮೆ ಬಾರಿ ಜಂಪ್ ಮಾಡುವುದು ಎಂದೇ ಅರ್ಥ.

ಅದಕ್ಕೆ ಇರುವ ದೊಡ್ಡ ಸಾಧನ ನ್ಯೂಟ್ರಾನ್ ನಕ್ಷತ್ರ. ಅದರ ಎರಡು ಧ್ರುವಗಳಿಂದ ಚಿಮ್ಮುವ ಜ್ವಾಲೆಯೊಳಗೆ (ಆಟಗಾರರು ಇದನ್ನು ಕೋನ್ ಎನ್ನುತ್ತಾರೆ) ಹಡಗನ್ನು ನುಗ್ಗಿಸಿದರೆ ಡ್ರೈವ್ ಸೂಪರ್‌ಚಾರ್ಜ್ ಆಗಿ, ಮುಂದಿನ ಒಂದು ಜಂಪಿನ ವ್ಯಾಪ್ತಿ ನಾಲ್ಕು ಪಟ್ಟಾಗುತ್ತದೆ: ನಿಮ್ಮ 40 ಜ್ಯೋತಿರ್ವರ್ಷ 160 ಆಗುತ್ತದೆ. ನ್ಯೂಟ್ರಾನ್ ನಕ್ಷತ್ರಗಳು ಗ್ಯಾಲಕ್ಸಿಯ ಕೇಂದ್ರದ ಕಡೆ ಹೋದಂತೆ ದಟ್ಟವಾಗುವುದರಿಂದ ಕೊಲೊನಿಯಾದ ದಾರಿಗೆ ಇದು ಹೇಳಿ ಮಾಡಿಸಿದ ಉಪಾಯ. ಗ್ಯಾಲಕ್ಸಿ ಮ್ಯಾಪಿನ ರೂಟ್ ಆಯ್ಕೆಗಳಲ್ಲಿ ಜೆಟ್ ಕೋನ್ ಬೂಸ್ಟ್ ಬಳಸುವ ಅವಕಾಶವಿದೆ. ಆದರೂ ದೂರದ ಪ್ರಯಾಣಿಕರಲ್ಲಿ ಬಹುಮಂದಿ ಆಟದ ಹೊರಗಿನ ಸ್ಪಾನ್ಶ್ ಜಾಲತಾಣದ ನ್ಯೂಟ್ರಾನ್ ಪ್ಲಾಟರ್‌ನಲ್ಲಿಯೇ ದಾರಿ ಲೆಕ್ಕ ಹಾಕಿಕೊಳ್ಳುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ.

ಕೋನ್ ಪ್ರವೇಶಿಸುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಡಗು ಕಳೆದುಕೊಳ್ಳುವವರು ಕಳೆದುಕೊಳ್ಳುವುದು ಇಲ್ಲಿಯೇ. ನಕ್ಷತ್ರದ ಎದುರು ಬಂದ ಕೂಡಲೇ ಥ್ರಾಟಲ್ ಇಳಿಸಿ, ಕೋನ್ ಯಾವ ಕಡೆಗೆ ಚಾಚಿದೆ ಎಂದು ಗುರುತಿಸಿಕೊಳ್ಳಿ. ಬುಡದ ಹತ್ತಿರ ಹೋಗದೆ, ಅದರ ಹೊರತುದಿಯ ಕಡೆಗೆ ಸಾಗಿ, ಓರೆಯಾಗಿ, ನಕ್ಷತ್ರಕ್ಕೆ ಬೆನ್ನು ಹಾಕಿದಂತೆ ಒಳಗೆ ಸೇರಿ. ಹಡಗು ಗಾಳಿಗೆ ಸಿಕ್ಕ ದೋಣಿಯಂತೆ ಹೊಯ್ದಾಡುತ್ತದೆ, ಮೂತಿ ತಾನಾಗಿ ಅತ್ತಿತ್ತ ತಿರುಗುತ್ತದೆ. ಆಗ ಅದರೊಂದಿಗೆ ಗುದ್ದಾಡದೆ, ಹೊರಮುಖವಾಗಿ ಇರುವಷ್ಟು ಮಾತ್ರ ತಿದ್ದಿಕೊಳ್ಳುತ್ತಾ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಚಾರ್ಜ್ ಆದ ಸೂಚನೆ ಬರುತ್ತದೆ. ಪ್ರತಿ ಸಲವೂ ಡ್ರೈವ್ ಶೇಕಡಾ ಒಂದರಷ್ಟು ಸವೆಯುತ್ತದೆ, ಆದ್ದರಿಂದ ರಿಪೇರಿ ಮಾಡುವ ಎಎಫ್‌ಎಂಯು ಘಟಕವೊಂದು ಹಡಗಿನಲ್ಲಿರಲಿ. ರಿಪೇರಿಯ ವೇಳೆ ಡ್ರೈವ್ ಆಫ್ ಆಗುವುದರಿಂದ ಮೊದಲೇ ಸೂಪರ್‌ಕ್ರೂಸ್‌ನಿಂದ (ಒಂದು ನಕ್ಷತ್ರ ವ್ಯವಸ್ಥೆಯೊಳಗಿನ ಅತಿವೇಗದ ಸಂಚಾರ) ಹೊರಬಂದು ನಿಲ್ಲಬೇಕು.

ಶ್ವೇತಕುಬ್ಜ ನಕ್ಷತ್ರಗಳಿಗೂ ಇಂಥದೇ ಕೋನ್ ಇರುತ್ತದೆ, ಆದರೆ ಅವುಗಳ ಸಹವಾಸ ಬೇಡ. ಅಲ್ಲಿ ಸಿಗುವ ಹೆಚ್ಚಳ ಶೇಕಡಾ 50 ಮಾತ್ರ. ಕೋನ್‌ನ ಬಹುಭಾಗ ನಕ್ಷತ್ರದ ನಿಷಿದ್ಧ ವಲಯಕ್ಕೆ ಅಂಟಿಕೊಂಡೇ ಇರುತ್ತದೆ, ಆ ವಲಯ ತಾಗಿದರೆ ಹಡಗು ಜ್ವಾಲೆಯ ನಡುವೆಯೇ ಸೂಪರ್‌ಕ್ರೂಸ್ ಕಳಚಿ ನಿಂತುಬಿಡುತ್ತದೆ. ಒಂದು ಸಲ ಅರ್ಧ ಜಂಪ್ ಉಳಿಸುವ ಆಸೆಗೆ ಬಿದ್ದು ನಾನು ಮೂರು ವಾರದ ಅನ್ವೇಷಣೆಯ ಡೇಟಾವನ್ನು ಹಡಗಿನ ಸಮೇತ ಸುಟ್ಟುಕೊಂಡಿದ್ದೇನೆ.

ನಾಲ್ಕು ಪಟ್ಟು ಎಂಬ ಈ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಹಡಗಿನ ಮೂಲ ವ್ಯಾಪ್ತಿಗೆ ನೀವು ಸೇರಿಸುವ ಪ್ರತಿ ಜ್ಯೋತಿರ್ವರ್ಷವೂ ಬೂಸ್ಟ್ ಆದಾಗ ನಾಲ್ಕಾಗಿ ಮರಳುತ್ತದೆ. ಆದ್ದರಿಂದ ಹೊರಡುವ ಮೊದಲು ಎರಡು ಸಂಜೆಗಳನ್ನು ಹಡಗಿಗಾಗಿ ವ್ಯಯಿಸುವುದು ನಷ್ಟವಲ್ಲ: ಆಯುಧಗಳನ್ನು ಬಿಚ್ಚಿಡಿ, ತೂಕ ಕಡಿಮೆಯಿರುವ ಡಿ ದರ್ಜೆಯ ಘಟಕಗಳನ್ನು ಹಾಕಿಸಿ, ಫೆಲಿಸಿಟಿ ಫಾರ್ಸೀರ್ ಎಂಬ ಎಂಜಿನಿಯರ್ ಬಳಿ ಡ್ರೈವ್‌ನ ವ್ಯಾಪ್ತಿ ಹೆಚ್ಚಿಸಿಕೊಳ್ಳಿ, ಸಾಧ್ಯವಾದರೆ ಗಾರ್ಡಿಯನ್ ಬೂಸ್ಟರ್ ಸೇರಿಸಿ, ದೊಡ್ಡ ಗಾತ್ರದ ಬೂಸ್ಟರ್ ಒಂದೇ 10.5 ಜ್ಯೋತಿರ್ವರ್ಷ ಕೊಡುತ್ತದೆ.

ಇಂಧನದ ವಿಷಯದಲ್ಲಿ ಒಂದು ಎಚ್ಚರಿಕೆ. ನ್ಯೂಟ್ರಾನ್ ನಕ್ಷತ್ರದಿಂದ ಇಂಧನ ಸಿಗುವುದಿಲ್ಲ. ಸ್ಕೂಪ್ ಮಾಡಲು, ಅಂದರೆ ನಕ್ಷತ್ರದ ಹತ್ತಿರ ಹಾರುತ್ತಲೇ ಇಂಧನ ಹೀರಿಕೊಳ್ಳಲು, ಬರುವುದು ಕೆ, ಜಿ, ಬಿ, ಎಫ್, ಒ, ಎ, ಎಂ ವರ್ಗದ ನಕ್ಷತ್ರಗಳಿಂದ ಮಾತ್ರ (ನಮ್ಮ ಸೂರ್ಯ ಜಿ ವರ್ಗದವನು). ಆಟಗಾರರು ಇದನ್ನು ‘ಕೆಜಿಬಿ ಫೋಮ್’ ಎಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ಇವುಗಳಲ್ಲೊಂದರ ಬಳಿ ತುಂಬಿಸಿಕೊಳ್ಳಿ. ಸಿಕ್ಕಿಹಾಕಿಕೊಂಡರೆ ಇಂಧನ ತಂದುಕೊಡುವ ‘ಫ್ಯೂಯಲ್ ರ‍್ಯಾಟ್ಸ್’ ಎಂಬ ಆಟಗಾರರ ಬಳಗವಿದೆ, ನಿಜ. ಆದರೆ ನಡುದಾರಿಯಲ್ಲಿ ಅವರು ನಿಮ್ಮನ್ನು ತಲುಪುವವರೆಗೆ ಕಾಯಬೇಕಾಗುತ್ತದೆ.

ಫ್ಲೀಟ್ ಕ್ಯಾರಿಯರ್ ಏರಿ ಹೋಗಬಾರದೇ ಎಂದು ಕೇಳುವವರಿದ್ದಾರೆ. 2020ರಲ್ಲಿ ಆಟಕ್ಕೆ ಸೇರಿದ ಈ ಬೃಹತ್ ನೌಕೆ ಒಂದು ಜಂಪಿಗೆ 500 ಜ್ಯೋತಿರ್ವರ್ಷ ಹೋಗುತ್ತದೆ ಎಂದಾಗ ಯಾರಿಗಾದರೂ ಆಸೆಯಾಗುವುದು ಸಹಜ. ಆದರೆ ಅದರ ಪ್ರತಿ ಜಂಪಿಗೂ ಕನಿಷ್ಠ 15 ನಿಮಿಷದ ಸಿದ್ಧತೆ, ಆಮೇಲೆ ಐದು ನಿಮಿಷದ ವಿರಾಮ ಬೇಕು. 44 ಜಂಪಿಗೆ ಲೆಕ್ಕ ಹಾಕಿದರೆ ಹದಿನಾಲ್ಕು ಗಂಟೆ ದಾಟುತ್ತದೆ, ಅಂದರೆ ನಿಮ್ಮ ಹಡಗಿಗಿಂತಲೂ ನಿಧಾನ. ಬೆಲೆ 500 ಕೋಟಿ ಕ್ರೆಡಿಟ್, ಅದರ ಇಂಧನವಾದ ಟ್ರಿಟಿಯಂನ ಖರ್ಚು ಬೇರೆ. ಆದರೂ ಬೇರೊಬ್ಬರ ಕ್ಯಾರಿಯರ್ ಕೊಲೊನಿಯಾಕ್ಕೆ ಹೊರಟಿದ್ದರೆ ಮಾತು ಬೇರೆ: ಅದರಲ್ಲಿ ಹಡಗು ನಿಲ್ಲಿಸಿ ಆಟ ಮುಚ್ಚಿದರೆ ನೀವು ಮಲಗಿರುವಾಗಲೂ ಅದು ನಿಮ್ಮನ್ನು ಒಯ್ಯುತ್ತದೆ. ದಿನಕ್ಕೆ ಎರಡೇ ಗಂಟೆ ಆಡುವವರಿಗೆ ಇದು ಕೆಟ್ಟ ಆಯ್ಕೆಯಲ್ಲ, ಆದರೆ ದಾರಿಯಲ್ಲಿ ನೋಡುವುದು ಏನೂ ಉಳಿಯುವುದಿಲ್ಲ.

ಇನ್ನು ಗುರಿಯ ವ್ಯವಸ್ಥೆ ತಲುಪಿದ ಮೇಲೆ ನಿಲ್ದಾಣದವರೆಗಿನ ಸೂಪರ್‌ಕ್ರೂಸ್. ಅವಸರದಲ್ಲಿ ಪೂರ್ಣ ಥ್ರಾಟಲ್ ಹಿಡಿದೇ ಇದ್ದವರು ನಿಲ್ದಾಣವನ್ನು ದಾಟಿಹೋಗಿ, ಸುತ್ತು ಹಾಕಿ ಹಿಂದೆ ಬರುತ್ತಾರೆ. ಗುರಿಗೆ ಇನ್ನು ಏಳು ಸೆಕೆಂಡ್ ಎಂದು ತೋರಿಸಿದ ಕ್ಷಣ ಥ್ರಾಟಲನ್ನು ಮುಕ್ಕಾಲಿಗೆ ಇಳಿಸಿದರೆ ವೇಗ ತಾನಾಗಿ ಹೊಂದಿಕೊಂಡು ಹಡಗು ಸರಿಯಾಗಿ ಬಂದು ನಿಲ್ಲುತ್ತದೆ. 2024ರಲ್ಲಿ ಬಂದ, ಸೂಪರ್‌ಕ್ರೂಸ್‌ನ ವೇಗ ಹೆಚ್ಚಿಸುವ ಎಸ್‌ಸಿಒ ಡ್ರೈವ್ ಇದ್ದರೆ ನಡುವಿನ ಅಂತರವನ್ನು ಇನ್ನೂ ಬೇಗ ದಾಟಬಹುದು, ಆದರೆ ಅದು ಇಂಧನವನ್ನು ನೀರಿನಂತೆ ಕುಡಿಯುತ್ತದೆ ಮತ್ತು ಹಡಗನ್ನು ಕಾಯಿಸುತ್ತದೆ. ಕೊಲೊನಿಯಾದಲ್ಲಿ ಇಳಿದ ಕೂಡಲೇ, ಬೇರೆ ಏನನ್ನೂ ಮಾಡುವ ಮೊದಲು, ದಾರಿಯಲ್ಲಿ ಕೂಡಿಟ್ಟ ಡೇಟಾವನ್ನು ಮಾರಿಬಿಡಿ.