ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಡವಡವ

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ಕ್ಯಾಬ್ ಚಾಲಕರು ಜಯನಗರದ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಜೊತೆಗೆ ಹೆಂಡತಿ. ಕೈಯಲ್ಲಿ ದಪ್ಪ ಫೈಲು. ಇಸಿಜಿ, ಎಕೋ, ಟ್ರೆಡ್‌ಮಿಲ್ ಟೆಸ್ಟ್, ಥೈರಾಯ್ಡ್ ಎಲ್ಲಾ ಮಾಡಿಸಿದ್ದಾರೆ, ಎಲ್ಲಾ ನಾರ್ಮಲ್. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಅವರ ಎದೆ ಹೊಡೆದುಕೊಳ್ಳುತ್ತದೆ, ಬೆರಳು ಜುಮ್ಮೆನ್ನುತ್ತವೆ, ಇನ್ನೇನು ಜೀವ ಹೋಯಿತು ಅನಿಸುತ್ತದೆ. ಎರಡು ಸಲ ಗಿರಾಕಿಯನ್ನು ನಡುದಾರಿಯಲ್ಲೇ ಇಳಿಸಿ ಆಸ್ಪತ್ರೆಗೆ ಓಡಿದ್ದರು.

"ಏನೂ ಇಲ್ವಂತೆ ಮೇಡಂ. ಸುಮ್ನೆ ಹೆದರ್ಕೋತಾರೆ," ಅಂದರು ಹೆಂಡತಿ.

ಅವರು ತಲೆ ಎತ್ತದೆ ಕೇಳಿದರು: "ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ ಮೇಡಂ?"

ಖಂಡಿತ ಇಲ್ಲ. ಆದರೆ ಯಾಕೆ ಇಲ್ಲ ಅನ್ನುವುದನ್ನು ಬಿಡಿಸಿ ಹೇಳುವವರು ಅವರಿಗೆ ಅಷ್ಟು ದಿನ ಸಿಕ್ಕಿರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೀರಿ ಅಂದುಕೊಳ್ಳಿ. ಪಕ್ಕದ ಬಸ್ಸು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ನಮ್ಮ ಬಸ್ಸೇ ಹೊರಟಿತು ಅನಿಸುತ್ತದೆ ಅಲ್ವಾ? ಕೆಲವರ ಕೈ ಮುಂದಿನ ಸೀಟಿನ ಕಂಬಿಗೂ ಹೋಗುತ್ತದೆ. ಚಲನೆಯ ಸುದ್ದಿ ಕೊಡುವ ಅಂಗ ನಮ್ಮ ಒಳಗಿವಿಯಲ್ಲಿದೆ. ವೇಗ ಏರಿದಾಗ, ಇಳಿದಾಗ, ತಲೆ ತಿರುಗಿಸಿದಾಗ ಅದು ಹೇಳುತ್ತದೆ. ಒಂದೇ ಸಮನೆ ಸಾಗುವಾಗ ಸುಮ್ಮನಿರುತ್ತದೆ. ಹಾಗಾಗಿ ಅದು ಸುಮ್ಮನಿದೆ ಅಂದಮಾತ್ರಕ್ಕೆ ನಾವು ನಿಂತಿದ್ದೇವೆ ಅನ್ನಲು ಬರುವುದಿಲ್ಲ. ಕಣ್ಣು "ಹೊರಟೆವು" ಅನ್ನುತ್ತದೆ, ಮಿದುಳು ಅದನ್ನೇ ನಂಬುತ್ತದೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ನೋಡುವುದರಲ್ಲಿ ನಮಗೇ ಗೊತ್ತಾಗದ ಒಂದು ಊಹೆ ಸೇರಿರುತ್ತದೆ ಅನ್ನುವುದು ಅವರ ಮಾತಿನ ತಿರುಳು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವುದನ್ನು ನಮ್ಮವರು ಅದಕ್ಕಿಂತ ಎಷ್ಟೋ ಮೊದಲೇ ಹೇಳಿದ್ದರು.

ಈ ಊಹೆ ಹೊರಗಿನದಕ್ಕೆ ಮಾತ್ರ ಅಲ್ಲ. ನಮ್ಮ ಸ್ವಂತ ಮೈಯನ್ನೂ ಮಿದುಳು ಊಹಿಸಿಯೇ ತಿಳಿದುಕೊಳ್ಳುತ್ತದೆ. ಹೊಟ್ಟೆ, ಶ್ವಾಸಕೋಶ, ಹೃದಯ ಎಲ್ಲದರಿಂದ ಅದಕ್ಕೆ ಸದಾ ಸುದ್ದಿ ಹೋಗುತ್ತಿರುತ್ತದೆ. ವೇಗಸ್ ಎಂಬ ದೊಡ್ಡ ನರದ ಎಳೆಗಳಲ್ಲಿ ಹೆಚ್ಚಿನವು ಮಿದುಳಿನಿಂದ ಕೆಳಗೆ ಆಜ್ಞೆ ತರುವಂಥವಲ್ಲ, ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಈ ಒಳಗಿನ ಅರಿವಿಗೆ ಇಂಟರೋಸೆಪ್ಷನ್ ಅನ್ನುತ್ತೇವೆ. ಮಿದುಳಿನಲ್ಲಿ ಇದಕ್ಕೆ ಮುಖ್ಯವಾದ ಜಾಗ ಇನ್ಸುಲಾ.

ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ನಾಡಿ ಮುಟ್ಟದೆ, ಎದೆ ಮೇಲೆ ಕೈ ಇಡದೆ, 30 ಸೆಕೆಂಡಿನಲ್ಲಿ ನಿಮ್ಮ ಎದೆ ಎಷ್ಟು ಸಲ ಬಡಿಯಿತು ಎಣಿಸಿ ನೋಡಿ. ಆಮೇಲೆ ಮಣಿಕಟ್ಟಿನ ನಾಡಿ ಹಿಡಿದು ಇನ್ನೊಮ್ಮೆ ಎಣಿಸಿ. ಎರಡೂ ತಾಳೆಯಾಗದಿದ್ದರೆ ಗಾಬರಿ ಬೇಡ, ಬಹಳ ಜನರಿಗೆ ಆಗುವುದಿಲ್ಲ. ಶಾಂಡ್ರಿ ಎಂಬ ಮನೋವಿಜ್ಞಾನಿ 1981ರಲ್ಲಿ ಈ ಬಗೆಯ ಎಣಿಕೆಯನ್ನೇ ಪ್ರಯೋಗಕ್ಕೆ ಬಳಸಿದ್ದರು. ಹುಟ್ಟಿದಾಗಿನಿಂದ ಜೊತೆಗಿರುವ ಹೃದಯವೇ ನಮಗೆ ಇಷ್ಟು ಮಸುಕಾಗಿ ಕೇಳುತ್ತದೆ. ಮಸುಕಾದ ಸುದ್ದಿಗೆ ಅರ್ಥ ಕಟ್ಟುವಾಗ ಮಿದುಳು ಹಳೆಯ ಅನುಭವವನ್ನೂ ಆ ಹೊತ್ತಿನ ಭಯವನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ.

ಇದರ ಇನ್ನೊಂದು ಮುಖ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಸಾರಾ ಗಾರ್ಫಿಂಕಲ್, ಹ್ಯೂಗೋ ಕ್ರಿಚ್ಲಿ ಮತ್ತು ಅವರ ಜೊತೆಯವರು ಇಂಗ್ಲೆಂಡಿನಲ್ಲಿ ಹೆದರಿದ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದರು. ಹೃದಯ ರಕ್ತ ಒತ್ತಿ ಹೊರಹಾಕುವ ಗಳಿಗೆಗೆ ಸರಿಯಾಗಿ ತೋರಿಸಿದಾಗ, ಬಡಿತಗಳ ನಡುವೆ ತೋರಿಸಿದ್ದಕ್ಕಿಂತ ಆ ಮುಖದ ಭಯ ಜಾಸ್ತಿ ಅಂತ ನೋಡಿದವರು ಹೇಳಿದರು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಹೃದಯ ಬಡಿದಾಗ ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ಒತ್ತಡದ ನರತುದಿಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಅದೇ ಮುಖ, ಅದೇ ಕಣ್ಣು. ಒಂದೇ ಬಡಿತದ ಒಳಗೇ ಭಯ ಏರಿ ಇಳಿಯುತ್ತದೆ.

ಈಗ ನಮ್ಮ ಚಾಲಕರ ಕಡೆ ಬರೋಣ. ಮಾತಾಡಿಸುತ್ತಾ ಹೋದಂತೆ ಗೊತ್ತಾಯಿತು, ಅವರ ತಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ಮೊದಲ ಸಲ ಎದೆ ಹೊಡೆದುಕೊಂಡ ದಿನ ಅವರು ರಾತ್ರಿ ನಿದ್ದೆ ಮಾಡಿರಲಿಲ್ಲ, ಬೆಳಗ್ಗೆ ತಿಂಡಿ ತಿಂದಿರಲಿಲ್ಲ, ಮೂರು ಸ್ಟ್ರಾಂಗ್ ಕಾಫಿ ಕುಡಿದಿದ್ದರು. ಎದೆಬಡಿತ ಜೋರಾಗಲು ಅಷ್ಟು ಸಾಕು. ಬೇರೆಯವರಾಗಿದ್ದರೆ "ಕಾಫಿ ಜಾಸ್ತಿ ಆಯ್ತು" ಅಂದುಕೊಂಡು ಗಾಡಿ ಮುಂದಕ್ಕೆ ಬಿಡುತ್ತಿದ್ದರೇನೋ. ಇವರ ಮನಸ್ಸಿಗೆ ಅಪ್ಪ ಬಂದರು. ಭಯವಾಯಿತು, ಅಡ್ರಿನಲಿನ್ ಏರಿತು, ಬಡಿತ ಇನ್ನೂ ಜೋರಾಯಿತು. ಗಾಬರಿಯಲ್ಲಿ ಉಸಿರು ಬೇಗಬೇಗ ಹೋಯಿತು. ಹಾಗೆ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು, ತುಟಿಯ ಸುತ್ತ ಜುಮ್ಮೆನ್ನುತ್ತದೆ, ಮಿದುಳಿನ ರಕ್ತನಾಳ ಕುಗ್ಗಿ ತಲೆ ಹಗುರವಾಗುತ್ತದೆ. "ನೋಡು, ಕೈಗೂ ಬಂತು" ಅಂತ ಭಯ ಮತ್ತೆ ಏರುತ್ತದೆ. ಇದೇ ಪ್ಯಾನಿಕ್ ಅಟ್ಯಾಕ್. ಇದರಲ್ಲಿ ಎದೆಬಡಿತ ನಿಜ, ಜುಮ್ಮು ನಿಜ, ತಲೆಸುತ್ತು ನಿಜ. ತಪ್ಪಿದ್ದು ಮಿದುಳು ಕೊಟ್ಟ ಅರ್ಥ ಮಾತ್ರ.

ಬಾಯಲ್ಲಿ ಹೇಳಿದರೆ ಇದು ಯಾರ ತಲೆಗೂ ಪೂರ್ತಿ ಇಳಿಯುವುದಿಲ್ಲ. ಮೈಗೇ ಗೊತ್ತಾಗಬೇಕು. ಮೂರನೇ ಭೇಟಿಗೆ, ಹೃದ್ರೋಗ ತಜ್ಞರ ಒಪ್ಪಿಗೆ ಪಡೆದುಕೊಂಡು, ಚಾಲಕರ ಜೊತೆ ನಮ್ಮ ಕಟ್ಟಡದ ಎರಡು ಮಹಡಿ ಮೆಟ್ಟಿಲನ್ನು ಬಿರುಸಾಗಿ ಹತ್ತಿದೆ. ಮೇಲೆ ನಿಂತಾಗ ಅವರ ನಾಡಿ 120ರ ಹತ್ತಿರ. "ಎದೆ ಹೊಡ್ಕೋತಿದೆಯಾ?" ಅಂದೆ. "ಹೊಡ್ಕೋತಿದೆ." "ಭಯ?" "ಇಲ್ಲ ಮೇಡಂ, ಮೆಟ್ಟಿಲು ಹತ್ತಿದೆನಲ್ಲ." ಹಾಗಂದವರು ತಾವೇ ಒಂದು ಗಳಿಗೆ ಸುಮ್ಮನಾದರು.

ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಒಂದು ನಿಮಿಷ ಬೇಗಬೇಗ ಜೋರಾಗಿ ಉಸಿರಾಡಿ ಅಂದೆ. ನಲವತ್ತು ಸೆಕೆಂಡೂ ಆಗಿರಲಿಲ್ಲ, ಎರಡೂ ಅಂಗೈ ನನ್ನ ಮುಂದೆ ಹಿಡಿದರು. ಬೆರಳು ನಡುಗುತ್ತಿದ್ದವು. "ಇದೇ ಮೇಡಂ, ಇದೇ! ಸಿಲ್ಕ್ ಬೋರ್ಡ್‌ನಲ್ಲಿ ಆಗೋದು ಇದೇ!" ಅಷ್ಟು ದಿನ ಸಾವಿನ ಗುರುತು ಅಂದುಕೊಂಡಿದ್ದನ್ನು ಅವರೇ ಕೂತಲ್ಲಿ ತರಿಸಿಕೊಂಡಿದ್ದರು. ಉಸಿರು ನಿಧಾನ ಮಾಡಿದ ಮೇಲೆ ಅದು ಇಳಿಯುವುದನ್ನೂ ನೋಡಿದರು. ಇದನ್ನು ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎದೆನೋವು ಬಂದಾಗ "ಪ್ಯಾನಿಕ್ ಇರಬೇಕು ಬಿಡು" ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಆಸ್ಪತ್ರೆ, ಮೊದಲು ಇಸಿಜಿ. ಇವರು ಅಷ್ಟೆಲ್ಲ ಟೆಸ್ಟ್ ಮಾಡಿಸಿದ್ದು ತಪ್ಪಲ್ಲ. ನಾರ್ಮಲ್ ಅಂತ ಬಂದ ಮೇಲೆ "ಏನೂ ಇಲ್ಲ, ಹೋಗಿ" ಅಂದುಬಿಡುವುದು ತಪ್ಪು. ಅಲ್ಲಿಂದ ಮುಂದಕ್ಕೂ ಚಿಕಿತ್ಸೆ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಅವರ ಹೆಂಡತಿ ಈಗ "ಏನೂ ಇಲ್ಲ" ಅನ್ನುವುದಿಲ್ಲ. ಗಂಡ ದಾರಿಯಿಂದ ಫೋನ್ ಮಾಡಿದರೆ "ಮೆಟ್ಟಿಲು ಹತ್ತಿದ ಹಾಗಿದೆಯಾ? ಉಸಿರು ನಿಧಾನ ಬಿಡಿ, ನಾನು ಲೈನಲ್ಲೇ ಇರ್ತೀನಿ" ಅನ್ನುತ್ತಾರಂತೆ. ಸಂಜೆ ಆರರ ಹೊತ್ತಿಗೆ ಸಿಲ್ಕ್ ಬೋರ್ಡ್ ಕಡೆ ಟ್ರಿಪ್ ಬಂದರೆ ಇವರು ಈಗಲೂ ಒಮ್ಮೊಮ್ಮೆ ಕ್ಯಾನ್ಸಲ್ ಮಾಡುತ್ತಾರೆ. ಮುಂದಿನ ವಾರ ನಾನೇ ಅವರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಆ ಹೊತ್ತಿಗೆ ಅಲ್ಲಿಗೆ ಹೋಗುವುದು ಅಂತ ಮಾತಾಗಿದೆ.