ನಲವತ್ತೆರಡನೇ ದಿನದ ತಕರಾರು

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಸುಗ್ಗಿ. ದಲಾಲಿ ಅಂಗಡಿಯೊಂದರ ಮುಂದೆ ತೂಕ ಮುಗಿಸಿದ ಹಮಾಲರು ಬೆವರು ಒರೆಸಿಕೊಳ್ಳುತ್ತಿದ್ದಾರೆ, ಒಳಗೆ ಬಿಲ್ಲು ಮಾತ್ರ ಹೊರಡುತ್ತಿಲ್ಲ. ಪಾಸ್‌ವರ್ಡ್‌ನ ಅವಧಿ ಮುಗಿದಿದೆ, ಬದಲಾಯಿಸಿ ಎಂದು ವಿಂಡೋಸ್ ಹಟ ಹಿಡಿದು ಕೂತಿದೆ. ರಿಪೇರಿಗೆಂದು ಹೋಗಿದ್ದ ನನಗಿಂತ ಗುಮಾಸ್ತರೇ ನಿರಾಳವಾಗಿದ್ದರು. ಕೀಬೋರ್ಡ್ ಎತ್ತಿ, ಅದರಡಿಯಿಂದ ಹಳೆಯ ತೂಕದ ಚೀಟಿಯೊಂದನ್ನು ತೆಗೆದರು. ಚೀಟಿಯ ಬೆನ್ನಿಗೆ ಊರದೇವತೆ ದುಗ್ಗಮ್ಮನ ಹೆಸರು, ಪಕ್ಕದಲ್ಲಿ ಹೊಡೆದುಹಾಕಿದ 7, ಆಮೇಲೆ 8. ಈಗ 8ಕ್ಕೂ ಗೀಟು ಎಳೆದು 9 ಬರೆದರು. ದುಗ್ಗಮ್ಮನ ಜಾತ್ರೆಯಾದರೂ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅವಳ ಹೆಸರಿನ ಪಾಸ್‌ವರ್ಡ್‌ಗೆ ಆರು ವಾರಕ್ಕೊಮ್ಮೆ ಹೊಸ ಬಾಲ.

ಆರು ವಾರ, ಅಂದರೆ 42 ದಿನ. ಬೇರೆ ಏನನ್ನೂ ಹೇಳದಿದ್ದರೆ ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಗರಿಷ್ಠ ಅವಧಿ ಇದು.

ಗಡುವಿನ ಈ ಯೋಚನೆ ಅವಿವೇಕದಿಂದ ಹುಟ್ಟಿದ್ದಲ್ಲ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪಾಸ್‌ವರ್ಡ್ ನಿರ್ವಹಣೆಗೆಂದೇ ಒಂದು ಕೈಪಿಡಿ ಹೊರತಂದಿತು. ಅದರಲ್ಲಿದ್ದದ್ದು ಅಚ್ಚುಕಟ್ಟಾದ ಲೆಕ್ಕ: ಕಳ್ಳ ನಿಮಿಷಕ್ಕೆ ಎಷ್ಟು ಸಲ ಊಹಿಸಬಲ್ಲ, ಒಟ್ಟು ಎಷ್ಟು ಪಾಸ್‌ವರ್ಡ್‌ಗಳು ಸಾಧ್ಯ, ಹಾಗಾದರೆ ಒಂದೇ ಪಾಸ್‌ವರ್ಡನ್ನು ಎಷ್ಟು ದಿನ ನಂಬಬಹುದು. ಆ ಕಾಲದ ನಿಧಾನಗತಿಯ (300 ಬಾಡ್) ದೂರವಾಣಿ ತಂತಿಯಲ್ಲಿ ನಿಮಿಷಕ್ಕೆ 8.5 ಊಹೆ ಎಂಬುದು ಅದರ ಉದಾಹರಣೆ. ಹೆಚ್ಚೆಂದರೆ ಒಂದು ವರ್ಷ ಎಂದು ಕೈಪಿಡಿ ಮಿತಿ ಹಾಕಿತು. ಆದರೆ ಪಾಸ್‌ವರ್ಡನ್ನು ಯಂತ್ರವೇ ಮನಬಂದಂತೆ ಹೊಸೆದಿರುತ್ತದೆ ಎಂದು ನಂಬಿದರೆ ಮಾತ್ರ ಆ ಲೆಕ್ಕ ಕೂಡುತ್ತದೆ. ಕಾಲಾಂತರದಲ್ಲಿ ಲೆಕ್ಕ ಮರೆತುಹೋಯಿತು, ಗಡುವು ಉಳಿಯಿತು. ವರ್ಷವಿದ್ದದ್ದು 90 ದಿನವಾಯಿತು, 60 ದಿನವೂ ಆಯಿತು. ಹೊಸ ಪಾಸ್‌ವರ್ಡ್ ಹುಡುಕುವ ಹೊಣೆ ಗುಮಾಸ್ತರ ತಲೆಗೆ ಬಂತು. ಅವರು 8ರ ಮುಂದಿನ ಅಂಕಿ ಬರೆದರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಹಾಗೆ ಮಾಡುವವರು ದಾವಣಗೆರೆಯಲ್ಲಷ್ಟೇ ಇಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಕಡ್ಡಾಯ ಬದಲಾವಣೆಯ ನಿಯಮಕ್ಕೆ ಒಳಪಟ್ಟಿದ್ದ 7,700ಕ್ಕೂ ಹೆಚ್ಚು ಹಳೆಯ ಖಾತೆಗಳನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ಶೇ 17ರಷ್ಟು ಖಾತೆಗಳ ಮುಂದಿನದನ್ನು ಐದೇ ಊಹೆಯೊಳಗೆ ಹಿಡಿಯಬಹುದಿತ್ತು.

ಇದರ ನಂತರವೂ ನಿಯಮ ಸಡಿಲವಾಗಲು ಏಳು ವರ್ಷ ಬೇಕಾಯಿತು. 2017ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಪಾಸ್‌ವರ್ಡ್ ಸೋರಿದ ಸುಳಿವಿಲ್ಲದೆ ಬದಲಾವಣೆಗೆ ಒತ್ತಾಯಿಸಬೇಡಿ ಎಂದಿತು. ಸಂಸ್ಥೆಯ ಹಳೆಯ ಮಾರ್ಗಸೂಚಿ ಬರೆದಿದ್ದ ಬಿಲ್ ಬರ್ ಅದೇ ವರ್ಷ, ತಾನು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದು ಪತ್ರಿಕೆಯ ಮುಂದೆ ಒಪ್ಪಿಕೊಂಡರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಭದ್ರತಾ ಶಿಫಾರಸುಗಳಿಂದ ಗಡುವನ್ನು ಕಿತ್ತುಹಾಕಿತು. ಶಿಫಾರಸಿನಿಂದ ಹೋಯಿತೇ ಹೊರತು ವಿಂಡೋಸ್‌ನ ಒಳಗಿನ 42 ಹಾಗೆಯೇ ಇದೆ. ಅಂಗಡಿಯ ತಕರಾರಿನ ಬೇರು ಇರುವುದು ಇಲ್ಲಿ.

ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ ಲಿನಕ್ಸ್ ಈ ವಿಷಯದಲ್ಲಿ ಉದಾರಿ. ಸಾಮಾನ್ಯವಾಗಿ ಅದರ ಗಡುವು 99999 ದಿನ, 273 ವರ್ಷಕ್ಕೂ ಮಿಗಿಲು. ಕೊನೆಯ ಬದಲಾವಣೆಯ ದಿನವನ್ನು ಅದು 1970ರ ಜನವರಿ 1ರಿಂದ ಎಣಿಸಿ ಬರೆದಿಡುತ್ತದೆ. ‘ಚೇಜ್’ ಎಂಬ ಆದೇಶ ಕೊಟ್ಟರೆ ಒಬ್ಬೊಬ್ಬ ಬಳಕೆದಾರರ ಗಡುವನ್ನೂ ನೋಡಬಹುದು, ತಿದ್ದಬಹುದು.

ಅಂಗಡಿಯ ಕಂಪ್ಯೂಟರಿನಲ್ಲಿ, ವಿಂಡೋಸ್‌ನ ಪಾಸ್‌ವರ್ಡ್ ನಿಯಮಗಳನ್ನು ತೋರಿಸುವ ‘ನೆಟ್ ಅಕೌಂಟ್ಸ್’ ಆದೇಶ ಕೊಟ್ಟೆ, ನಿರೀಕ್ಷಿಸಿದಂತೆ 42 ಕಾಣಿಸಿತು. ಮಾಲೀಕರನ್ನು ಕೇಳಿ ಅದನ್ನು ‘ಅನ್‌ಲಿಮಿಟೆಡ್’ ಮಾಡಿದೆ. ಅಷ್ಟಕ್ಕೇ ಎದ್ದು ಬಂದಿದ್ದರೆ ಅದು ಅರ್ಧ ಕೆಲಸ. ಗಡುವು ತೆಗೆದಮೇಲೆ ಪಾಸ್‌ವರ್ಡ್ ಉದ್ದವಿರಬೇಕು, ಬೇರೆಲ್ಲೂ ಬಳಸಿರಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಿಕೊಳ್ಳಿ ಎಂದೆ. ಗುಮಾಸ್ತರು ಗೋಡೆಯ ಕಡೆ ತಿರುಗಿ ಯೋಚಿಸಿ, ನನ್ನನ್ನು ಆಚೆ ನೋಡಲು ಹೇಳಿ ಟೈಪ್ ಮಾಡಿದರು.

ಖಾತೆಗಳ ಪಟ್ಟಿ ತೆರೆದಾಗ ಇನ್ನೊಂದು ಹೆಸರು ಕಂಡಿತು. ಯಾರಿದು ಎಂದೆ. ‘ಅವರು ಬಿಟ್ಟು ಹೋಗಿ ಎರಡು ವರ್ಷವಾಯಿತು, ಈಗ ಎದುರಿನ ಸಾಲಿನ ಅಂಗಡಿಯಲ್ಲಿದ್ದಾರೆ’ ಎಂದರು. ಪಾಸ್‌ವರ್ಡ್‌ನ ಗಡುವು ಬೇರೆ, ಖಾತೆಯ ಗಡುವು ಬೇರೆ. 42 ದಿನದ ಹಟ ಆ ಖಾತೆಯನ್ನು ಮುಚ್ಚಿರಲಿಲ್ಲ. ಬಿಲ್ಲು ಹೊರಡುವ ಮುನ್ನ ಅದನ್ನು ಮುಚ್ಚಿದೆವು.