ವಯಸ್ಸಾದವರನ್ನು ಕಟ್ಟಿ ಹಾಕಲ್ಲ ಅಂದ ಮನೆ

1980ರ ದಶಕದ ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ, ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ಆರೈಕೆ ಮಾಡುವ ಮನೆಗಳಲ್ಲಿ, ನೂರು ಜನರಿದ್ದರೆ ಸುಮಾರು 40 ಜನರನ್ನು ಮಂಚಕ್ಕೋ ಕುರ್ಚಿಗೋ ಕಟ್ಟಿರುತ್ತಿದ್ದರು. ಕೇಳಿದರೆ, ಅವರ ಒಳ್ಳೇದಕ್ಕೇ ಅನ್ನುತ್ತಿದ್ದರು. ಎದ್ದು ಓಡಾಡಿದರೆ ಬೀಳುತ್ತಾರೆ, ಬಿದ್ದರೆ ಮನೆಯವರು ಕೇಸ್ ಹಾಕುತ್ತಾರೆ ಅನ್ನೋ ಭಯ. ಸೊಂಟಕ್ಕೆ ಬೆಲ್ಟು, ಎದೆಗೆ ಪಟ್ಟಿ, ಏಳೋಕೆ ಆಗದ ಹಾಗೆ ಮುಂದೆ ಟ್ರೇ ಹಾಕಿ ಬಿಗಿದ ಕುರ್ಚಿ, ಎಲ್ಲ ಮಾಮೂಲಿ.

ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾದ ಕೆನೆಟ್ ಸ್ಕ್ವೇರ್ ಹತ್ತಿರದ 'ಕೆಂಡಲ್ ಅಟ್ ಲಾಂಗ್‌ವುಡ್' ಅನ್ನೋ ವಯಸ್ಸಾದವರ ಮನೆಯಲ್ಲಿ ಯಾರನ್ನೂ ಕಟ್ಟುತ್ತಿರಲಿಲ್ಲ. ಇದನ್ನು ಶುರು ಮಾಡಿದವರು ಫಿಲಡೆಲ್ಫಿಯಾ ಸುತ್ತಮುತ್ತಲಿನ ಕ್ವೇಕರ್‌ಗಳು ಎಂಬ ಕ್ರೈಸ್ತ ಪಂಥದವರು, ಬಾಗಿಲು ತೆರೆದದ್ದು 1973ರಲ್ಲಿ. ಗಟ್ಟಿಮುಟ್ಟಾಗಿರುವಾಗಲೇ ಬಂದು ಸೇರಿ, ಮುಂದೆ ಕೈಲಾಗದಿದ್ದಾಗ ಅದೇ ಆವರಣದಲ್ಲಿ ಆರೈಕೆ ಪಡೆಯುವ ಪದ್ಧತಿ. ಇದೇ ಥರದ್ದನ್ನು ಅದೇ ರಾಜ್ಯದ ಗ್ವಿನೆಡ್‌ನಲ್ಲಿ ಬೇರೆ ಕ್ವೇಕರ್‌ಗಳು 1967ರಲ್ಲೇ ಶುರು ಮಾಡಿದ್ದರು. ಕೆಂಡಲ್‌ನವರು ಮೊದಲ ದಿನದಿಂದಲೇ ಕಟ್ಟುವುದಿಲ್ಲ ಅಂತ ಹಟ ಹಿಡಿದರು, ಅದೇ ಅವರ ವಿಶೇಷ.

ಈ ಹಟದ ಬೇರು ಹಳೆಯದು. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಅಂತ ನಂಬುವ ಪಂಥ ಕ್ವೇಕರ್‌ಗಳದ್ದು. 1790ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಹುಚ್ಚಾಸ್ಪತ್ರೆಯಲ್ಲಿ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಹೆಂಗಸು ತೀರಿಕೊಂಡರು, ಅವರನ್ನು ನೋಡಲು ಹೋದ ಪಂಥದವರನ್ನು ಒಳಗೇ ಬಿಟ್ಟಿರಲಿಲ್ಲ. ಅದರಿಂದ ನೊಂದು ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ ಮತ್ತು ಜೊತೆಗಾರರು 1796ರಲ್ಲಿ 'ರಿಟ್ರೀಟ್' ತೆರೆದರು, ಸರಪಳಿ ಇಲ್ಲದ ಆಸ್ಪತ್ರೆ. ಅದನ್ನು ನೋಡಿ 1817ರಲ್ಲಿ ಫಿಲಡೆಲ್ಫಿಯಾದಲ್ಲೂ ಅಂಥದ್ದೇ ಒಂದು ಆಸ್ಪತ್ರೆ ಶುರುವಾಯಿತು.

ಸರಿ, ಕಟ್ಟದೆ ನಿಭಾಯಿಸೋದು ಹೇಗೆ? ಅಜ್ಜಿ ಪದೇ ಪದೇ ಯಾಕೆ ಏಳುತ್ತಾರೆ ಅಂತ ಮೊದಲು ನೋಡಬೇಕು. ಮೂತ್ರಕ್ಕೋ, ಬೆನ್ನು ನೋವಿಗೋ, ಸುಮ್ನೆ ಬೇಜಾರಿಗೋ? ಹೊತ್ತಿಗೆ ಸರಿಯಾಗಿ ಬಾತ್‌ರೂಮಿಗೆ ಕರೆದೊಯ್ಯುವುದು, ಮಂಚ ತಗ್ಗಿಸುವುದು, ಮೈಗೆ ಹೊಂದುವ ಕುರ್ಚಿ ಕೊಡುವುದು. ಇಷ್ಟಾದರೂ ಒಮ್ಮೊಮ್ಮೆ ಬೀಳುತ್ತಾರೆ, ಅದನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಬೇಕು. ನನಗನ್ನಿಸುವಂತೆ ಕಷ್ಟದ ಕೆಲಸ ಅದೇ. ಕಟ್ಟಿ ಕೂರಿಸಿದರೆ ಕಾಲಿನ ಬಲ ಹೋಗುತ್ತದೆ, ಮೈಯಲ್ಲಿ ಹುಣ್ಣಾಗುತ್ತದೆ, ಬಿಡಿಸಿಕೊಳ್ಳಲು ಹೋಗಿ ಉಸಿರುಗಟ್ಟಿ ಸತ್ತವರೂ ಇದ್ದಾರೆ.

1986ರಲ್ಲಿ ಕೆಂಡಲ್‌ನವರು 'ಅನ್‌ಟೈ ದಿ ಎಲ್ಡರ್ಲಿ' (ವಯಸ್ಸಾದವರ ಕಟ್ಟು ಬಿಚ್ಚಿ) ಅಂತ ಪ್ರಚಾರ ಶುರು ಮಾಡಿ, ಬೇರೆ ಹೋಮ್‌ಗಳಿಗೂ ಈ ಪಾಠ ಹೇಳತೊಡಗಿದರು. 1987ರಲ್ಲಿ ಬಂದ ನರ್ಸಿಂಗ್ ಹೋಮ್ ಸುಧಾರಣೆಯ ಕಾನೂನು, ಶಿಸ್ತಿಗೋ ಸಿಬ್ಬಂದಿಯ ಅನುಕೂಲಕ್ಕೋ ಯಾರನ್ನೂ ಕಟ್ಟಬಾರದು ಅಂದಿತು. 1989ರಲ್ಲಿ ಸೆನೆಟ್‌ನ ವೃದ್ಧಾಪ್ಯ ಸಮಿತಿ ಕೆಂಡಲ್‌ನವರ ಪ್ರಚಾರದ ಹೆಸರಿನಲ್ಲೇ ಒಂದು ವಿಚಾರ ಸಂಕಿರಣವನ್ನೂ ನಡೆಸಿತು. ಆಮೇಲೆ ಕಟ್ಟುವುದು ವರ್ಷದಿಂದ ವರ್ಷಕ್ಕೆ ಇಳಿಯಿತು, ಈಗ ನೂರಕ್ಕೆ ಐದಕ್ಕಿಂತ ಕಡಿಮೆ.

ಆದರೆ ಬೆಲ್ಟಿನ ಬದಲು ಮಂಪರು ಬರಿಸುವ ಮಾತ್ರೆ ಕೊಟ್ಟು ಕೂರಿಸುವ ಹೋಮ್‌ಗಳ ಮೇಲೆ ಅಲ್ಲಿ ಇವತ್ತಿಗೂ ದೂರುಗಳಿವೆ. ಅದೂ ಕಟ್ಟಿದ ಹಾಗೇ, ಅಲ್ವಾ? ಇನ್ನು ಕೆಂಡಲ್ ಬಡವರ ಮನೆಯೇನಲ್ಲ. ಸೇರುವಾಗ ದೊಡ್ಡ ಮೊತ್ತ, ಆಮೇಲೆ ತಿಂಗಳು ತಿಂಗಳು ಶುಲ್ಕ. ಕಾನೂನಿನಿಂದ ಜಾಸ್ತಿ ಲಾಭವಾದದ್ದು ಅಲ್ಲಿಗೆ ಕಾಲಿಡಲು ದುಡ್ಡಿಲ್ಲದವರಿಗೆ.